ಮನೆಮಂದಿಯೆಲ್ಲ ಬಳಸುವ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟ್ ನೋಡುವುದು ಹೇಗೆ?

ಪ್ರಶ್ನೆ

ನಮ್ಮ ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್: 4 ಜಿಬಿ ರ‍್ಯಾಮ್, ವಿಂಡೋಸ್ 10. ಅಪ್ಪ ಅದರಲ್ಲಿ ಸಹಕಾರ ಸಂಘದ ಪತ್ರಗಳನ್ನು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡುತ್ತಾರೆ, ಅತ್ತಿಗೆ ಅಂಗಡಿಯ ಲೆಕ್ಕ ಬರೆದಿಡುತ್ತಾರೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರವಾದ್ದರಿಂದ 11 ಹಾಕಲು ಬರುವುದಿಲ್ಲ. ಹಾಗಾಗಿ ವಿಂಡೋಸ್ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್ ಮಿಂಟ್ ನೋಡಬೇಕೆಂದಿದ್ದೇನೆ.

ಹೆದರಿಕೆಗೆ ಕಾರಣವಿದೆ. ಮೂರು ವರ್ಷಗಳ ಹಿಂದೆ ಇಂಥದೇ ಪ್ರಯೋಗದಲ್ಲಿ ಹಾರ್ಡ್ ಡಿಸ್ಕಿನ ಒಂದು ಪಾರ್ಟಿಶನ್ (ಭಾಗ) ಅಳಿಸಿಬಿಟ್ಟೆ. ಅಣ್ಣನ ಮದುವೆಯ ಫೋಟೊಗಳೆಲ್ಲ ಹೋದವು. ಅತ್ತಿಗೆ ಒಂದು ಮಾತೂ ಆಡಲಿಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ಹಾರ್ಡ್ ಡಿಸ್ಕ್ ಮುಟ್ಟದೆ ನೋಡಬಹುದೇ? ವಿಂಡೋಸಿನ ಒಳಗೇ ಇನ್ನೊಂದು ವ್ಯವಸ್ಥೆ ನಡೆಸುವ ವರ್ಚುವಲ್‌ಬಾಕ್ಸ್ ಆದೀತೇ?

ಉತ್ತರ 1

4 ಜಿಬಿಯಲ್ಲಿ ವರ್ಚುವಲ್‌ಬಾಕ್ಸ್ ಬೇಡ, ವಿಂಡೋಸ್, ಮಿಂಟ್ ಎರಡೂ ತೆವಳುತ್ತವೆ. ಪೆನ್‌ಡ್ರೈವಿನಿಂದಲೇ ನಡೆಸಿ. 8 ಜಿಬಿಯದು ಸಾಕು, ಆದರೆ ಖಾಲಿಯದನ್ನೇ ತೆಗೆದುಕೊಳ್ಳಿ: ರೂಫಸ್ ಎಂಬ ತಂತ್ರಾಂಶ ಅದರಲ್ಲಿರುವುದನ್ನೆಲ್ಲ ಅಳಿಸಿ ಮಿಂಟ್ ಬರೆಯುತ್ತದೆ. ಮಿಂಟ್ ತೆರೆದ ಮೇಲೆ ಪರದೆಯಲ್ಲಿ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ಎಂಬ ಚಿತ್ರ ಕಾಣುತ್ತದೆ. ಅದನ್ನು ಒತ್ತಬೇಡಿ, ವಿಂಡೋಸ್ ಡ್ರೈವುಗಳನ್ನೂ ತೆರೆಯಬೇಡಿ. ಇಷ್ಟು ಪಾಲಿಸಿದರೆ ಅತ್ತಿಗೆಯವರ ಲೆಕ್ಕ ಇದ್ದಲ್ಲೇ ಇರುತ್ತದೆ. ಆದರೂ ಮೊದಲು ಅದರ ಒಂದು ಪ್ರತಿಯನ್ನು ಬೇರೆ ಪೆನ್‌ಡ್ರೈವಿನಲ್ಲಿಟ್ಟು, ತೆರೆದು ನೋಡಿ.

ಉತ್ತರ 2

ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಆಗಿದೆಯೇ ನೋಡಿಕೊಳ್ಳಿ. ಆನ್ ಆಗಿದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಬಯೋಸ್ (ಯಂತ್ರವನ್ನು ಶುರುಮಾಡುವ ಮೂಲ ತಂತ್ರಾಂಶ) ಸೆಟ್ಟಿಂಗ್ ಬದಲಿಸಿದರೆ ವಿಂಡೋಸ್ ಅದನ್ನು ಕೇಳಬಹುದು. ಬದಲಿಸುವ ಗೋಜಿಗೇ ಹೋಗದೆ, ಆನ್ ಮಾಡುವಾಗ ಎಫ್12 ಒತ್ತಿ ಬೂಟ್ ಮೆನು ತೆರೆದು ಪೆನ್‌ಡ್ರೈವ್ ಆರಿಸುವುದು ಉತ್ತಮ (ಎಚ್‌ಪಿಯಲ್ಲಿ ಎಫ್9). ಅದಕ್ಕೂ ಮುಂಚೆ ಶಿಫ್ಟ್ ಒತ್ತಿಹಿಡಿದು ವಿಂಡೋಸ್ ಶಟ್‌ಡೌನ್ ಮಾಡಿ. ಇಲ್ಲದಿದ್ದರೆ ಅದು ಅರೆನಿದ್ರೆಯಲ್ಲೇ ಇರುತ್ತದೆ.

ಪ್ರಶ್ನೆ ಕೇಳಿದವರು

ಭಾನುವಾರ ನೋಡಿದೆ. ವೈಫೈ ತಾನಾಗಿಯೇ ಸಿಕ್ಕಿತು. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ನುಡಿಯಲ್ಲಿರುವಂಥದೇ ‘ಕಗಪ’ ಕೀಲಿ ವಿನ್ಯಾಸ ಕಂಡು ಅಪ್ಪನನ್ನು ಕರೆದೆ. ಅವರು ಕೀಬೋರ್ಡ್ ನೋಡದೆಯೇ ಸಂಘದ ಹೆಸರು ಟೈಪು ಮಾಡಿದರು. ಒತ್ತಕ್ಷರಕ್ಕೆ ಎಡಗೈ ಬೆರಳು ತಾನಾಗಿ ಎಫ್ ಮೇಲೆ ಹೋಯಿತು. ಅವರ ಮುಖ ಅರಳಿದ್ದು ನೋಡಿ ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ.

ಎರಡು ತೊಡಕು ಉಳಿದಿವೆ. ಪೆನ್‌ಡ್ರೈವಿಗೆ ಹಾಕಿಕೊಂಡಿದ್ದ ಅಪ್ಪನ ಹಳೆಯ ಪತ್ರ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು. ವಿಂಡೋಸಿಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದಿತ್ತು. ಅತ್ತಿಗೆಯ ಬಿಲ್ಲಿನಲ್ಲಿ ಸಮಯ ತಪ್ಪಾದರೆ ಕಷ್ಟ.

ಉತ್ತರ 2

ಗಡಿಯಾರ ಕೆಟ್ಟಿಲ್ಲ. ಲಿನಕ್ಸ್ ಯಂತ್ರದ ಗಡಿಯಾರವನ್ನು ಯುಟಿಸಿಗೆ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ವಿಂಡೋಸಿನ ಸಮಯದ ಸೆಟ್ಟಿಂಗ್‌ನಲ್ಲಿ ‘ಸಿಂಕ್ ನೌ’ ಒತ್ತಿದರೆ ಸರಿಹೋಗುತ್ತದೆ. ಪತ್ರ ಯೂನಿಕೋಡ್‌ಗಿಂತ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಹಿಂದಿನ ನುಡಿ ಫಾಂಟಿನದು. ವಿಂಡೋಸಿನಲ್ಲಿ ನುಡಿಯ ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿ. ಮೂಲ ಕಡತ ಮಾತ್ರ ಹಾಗೆಯೇ ಇರಲಿ.

ಪ್ರಶ್ನೆ ಕೇಳಿದವರು

ಗಡಿಯಾರ ಸರಿಯಾಯಿತು. ಹನ್ನೆರಡು ಪತ್ರ ಪರಿವರ್ತಿಸಿದ್ದೇನೆ, ಅಪ್ಪ ಪಕ್ಕದಲ್ಲಿ ಕುಳಿತು ಸಾಲು ಸಾಲಾಗಿ ಓದಿ ತಾಳೆ ನೋಡುತ್ತಿದ್ದಾರೆ. ಅದು ಮುಗಿಯುವವರೆಗೆ ಮಿಂಟ್ ಪೆನ್‌ಡ್ರೈವಿನಲ್ಲೇ ಇರುತ್ತದೆ.