ದೂರದ ಬೆಟ್ಟ ಹಿಂದಕ್ಕೆ ಸರಿಯುತ್ತಿಲ್ಲ: ಡಿಜಿಟಲ್ ಭೂದೃಶ್ಯದ ಬಗ್ಗೆ ಸಲಹೆ ಬೇಕು

ಪ್ರಶ್ನೆ:
ಆರು ತಿಂಗಳಿಂದ ಟ್ಯಾಬ್ಲೆಟ್‌ನಲ್ಲಿ ಭೂದೃಶ್ಯಗಳನ್ನು ಬಿಡಿಸುತ್ತಿದ್ದೇನೆ. ಈಗಿನ ಚಿತ್ರದಲ್ಲಿ ಮುಂದೆ ಒಂದು ಮರ, ಆಚೆಗೆ ಕೆರೆ, ಹಿಂದೆ ಮೂರು ಸಾಲು ಬೆಟ್ಟಗಳಿವೆ. ಬಲಗಡೆ ಸೂರ್ಯ ಮುಳುಗುತ್ತಿದ್ದಾನೆ. ಕೊನೆಯ ಬೆಟ್ಟದ ಗಿಡಗಳನ್ನೂ ಒಂದೊಂದಾಗಿ ಬಿಡಿಸಿದ್ದರೂ ಎಲ್ಲವೂ ಒಂದೇ ಗೋಡೆಗೆ ಅಂಟಿಸಿದಂತೆ ಕಾಣುತ್ತಿದೆ. ನೆರಳುಗಳಿಗೆ ಕಪ್ಪನ್ನೇ ಬಳಸಿದ್ದೇನೆ. ಇನ್ನಷ್ಟು ವಿವರ ಸೇರಿಸಬೇಕೆ?

ಉತ್ತರ 1:
ದಯವಿಟ್ಟು ಸೇರಿಸಬೇಡಿ, ಕೊನೆಯ ಬೆಟ್ಟದಲ್ಲಿ ಈಗಿರುವ ವಿವರವನ್ನೂ ಅಳಿಸಬೇಕಾಗುತ್ತದೆ. ಎಲ್ಲಕ್ಕಿಂತ ಮೇಲೆ ಹೊಸ ಲೇಯರ್ (ಚಿತ್ರದ ಮೇಲೆ ಹೊದಿಸುವ ಪಾರದರ್ಶಕ ಪದರ) ತೆರೆದು, ಅದಕ್ಕೆ ಕಪ್ಪು ತುಂಬಿ, ಬ್ಲೆಂಡ್ ಮೋಡನ್ನು, ಅಂದರೆ ಅದು ಕೆಳಗಿನ ಬಣ್ಣಗಳೊಂದಿಗೆ ಬೆರೆಯುವ ರೀತಿಯನ್ನು, ‘ಕಲರ್’ಗೆ ಬದಲಿಸಿದರೆ ಚಿತ್ರ ಕಪ್ಪುಬಿಳುಪಾಗಿ ಕಾಣುತ್ತದೆ. ಆಗ ಮರದ ಕಾಂಡವೂ ಕೊನೆಯ ಬೆಟ್ಟದ ನೆರಳೂ ಒಂದೇ ಗಾಢತೆಯಲ್ಲಿದ್ದರೆ ತಪ್ಪು ಅಲ್ಲಿಯೇ ಇದೆ. ನಮಗೂ ಬೆಟ್ಟಕ್ಕೂ ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ, ದೂರ ಹೆಚ್ಚಿದಂತೆ ಗಾಢ ಬಣ್ಣಗಳು ತಿಳಿಯಾಗಿ ಆಕಾಶದ ಬಣ್ಣಕ್ಕೆ ಹತ್ತಿರವಾಗುತ್ತವೆ. ಲಿಯೊನಾರ್ಡೊ ಡಾ ವಿಂಚಿ 500 ವರ್ಷಗಳ ಹಿಂದೆಯೇ ಇದನ್ನು ಗಮನಿಸಿ ಬರೆದಿಟ್ಟಿದ್ದರು. ಪ್ರತಿ ಸಾಲಿಗೂ ಪ್ರತ್ಯೇಕ ಲೇಯರ್ ಇಟ್ಟು, ಅದರ ಹಿಂದಿನ ಆಕಾಶದ ಬಣ್ಣವನ್ನೇ ಹತ್ತಿರದ ಸಾಲಿನ ಮೇಲೆ ಶೇ 20, ನಡುವಿನದರ ಮೇಲೆ ಶೇ 40, ಕೊನೆಯದರ ಮೇಲೆ ಶೇ 65ರಷ್ಟು ಹಚ್ಚಿ ನೋಡಿ, ಆಮೇಲೆ ಕಣ್ಣಳತೆಗೆ ತಕ್ಕಂತೆ ಹೊಂದಿಸಿಕೊಳ್ಳಿ. ಹೀಗೆ ಮೂಡುವ ಮಬ್ಬು, ಶಿಖರಕ್ಕಿಂತ ಬೆಟ್ಟದ ಬುಡದಲ್ಲಿ ದಟ್ಟವಾಗಿರಲಿ. ಸೂರ್ಯನಿರುವ ಕಡೆ ಈ ಮಬ್ಬು ನೀಲಿಯಾಗಿರದೆ ಹೊಂಬಣ್ಣಕ್ಕೆ ತಿರುಗುತ್ತದೆ ಎಂಬುದನ್ನು ಮರೆಯಬೇಡಿ.

ಉತ್ತರ 2:
ಬೆಳಕಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸಂಜೆಯ ಬಿಸಿಲು ಕಿತ್ತಳೆಯಾಗಿದ್ದರೂ, ಬಿಸಿಲು ತಲುಪದ ಜಾಗಕ್ಕೆ ಆಕಾಶದ ಬೆಳಕು ಬೀಳುತ್ತಲೇ ಇರುತ್ತದೆ. ಆದ್ದರಿಂದ ನೆರಳು ನೀಲಿ ಅಥವಾ ನೇರಳೆಯತ್ತ ವಾಲುತ್ತದೆ. ಕಪ್ಪಿನ ಬದಲು ಬೂದುನೇರಳೆ ಬಣ್ಣವನ್ನು ‘ಮಲ್ಟಿಪ್ಲೈ’ (ಕೆಳಗಿನ ಬಣ್ಣವನ್ನು ಗಾಢವಾಗಿಸುವ ಬ್ಲೆಂಡ್ ಮೋಡ್) ಲೇಯರಿನಲ್ಲಿ ಹಚ್ಚಿದರೆ ಕೆಳಗಿನ ಹುಲ್ಲಿನ ಹಸಿರು ಉಳಿದುಕೊಳ್ಳುತ್ತದೆ. ಫ್ರೆಂಚ್ ಚಿತ್ರಕಾರ ಕ್ಲೋಡ್ ಮೊನೆ 1890–91ರಲ್ಲಿ ಹುಲ್ಲಿನ ಬಣವೆಗಳನ್ನು ಬೇರೆ ಬೇರೆ ಬೆಳಕಿನಲ್ಲಿ ಮತ್ತೆ ಮತ್ತೆ ಚಿತ್ರಿಸಿದರು; ಆ ಸರಣಿಯಲ್ಲಿ ನೆರಳುಗಳ ಬಣ್ಣವನ್ನಷ್ಟೇ ನೋಡುತ್ತಾ ಹೋಗಿ, ನನಗೆ ಅದಕ್ಕಿಂತ ಒಳ್ಳೆಯ ಪಾಠ ಸಿಕ್ಕಿಲ್ಲ.

ಪ್ರಶ್ನೆ ಕೇಳಿದವರು:
ಕಪ್ಪುಬಿಳುಪು ಮಾಡಿ ನೋಡಿದೆ. ಕಾಂಡವೂ ಕೊನೆಯ ಬೆಟ್ಟವೂ ನಿಜಕ್ಕೂ ಒಂದೇ ಗಾಢತೆಯಲ್ಲಿವೆ. ಮಬ್ಬು ಹಚ್ಚಿದೊಡನೆ ಬೆಟ್ಟ ಹಿಂದಕ್ಕೆ ಹೋಯಿತು, ಬಹಳ ಸಂತೋಷವಾಯಿತು. ಆದರೆ ಮರವೂ ದಿಗಂತರೇಖೆಯೂ ಚಿತ್ರದ ನಟ್ಟನಡುವೆ ಇವೆ. ಬದಲಿಸಲೇ?

ಉತ್ತರ 3:
ಬದಲಿಸಿ, ಆದರೆ ಇದೇ ಕ್ಯಾನ್ವಾಸಿನಲ್ಲಿ ಬೇಡ. ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಟ್ಟುಗಳಲ್ಲಿ ಗಾಢ, ಮಧ್ಯಮ, ತಿಳಿ ಎಂಬ ಮೂರೇ ಛಾಯೆಗಳಿಂದ ಐದಾರು ಕರಡು ಮಾಡಿ. ಆಕಾಶವೇ ಮುಖ್ಯವೆನಿಸಿದರೆ ದಿಗಂತವನ್ನು ಕೆಳಗಿನ ಮೂರನೇ ಒಂದು ಭಾಗಕ್ಕೆ ಇಳಿಸಿ, ಕೆರೆ ಮುಖ್ಯವಾದರೆ ಮೇಲಕ್ಕೆ ಏರಿಸಿ. ಮರವನ್ನು ಎಡಕ್ಕೆ ಸರಿಸಿ, ಅದರ ಒಂದು ಕೊಂಬೆ ಬೆಟ್ಟದ ಅಂಚನ್ನು ದಾಟಿ ಆಕಾಶಕ್ಕೆ ಚಾಚಿಕೊಂಡಿರಲಿ; ಮುಂದಿನದು ಹಿಂದಿನದನ್ನು ಮರೆಮಾಡಿದಾಗ ಅಂತರ ತಾನಾಗಿಯೇ ತಿಳಿಯುತ್ತದೆ. ಕೊಂಬೆಯ ತುದಿ ಬೆಟ್ಟದ ಅಂಚನ್ನು ಬರಿದೆ ಮುಟ್ಟಿ ನಿಂತರೆ ಮಾತ್ರ ಎರಡೂ ಮತ್ತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ.