ಬೇಸಿಗೆಯಲ್ಲಿ ನೀರಾದ ಫೆರಿಕ್ ಕ್ಲೋರೈಡ್

ಪ್ರಶ್ನೆ: ನಮಸ್ಕಾರ ಮೇಡಂ. ರಾಯಚೂರು ಕಡೆಯ ಪಿಯು ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ರಜೆ ಮುಗಿಸಿ ಬಂದು ನೋಡಿದರೆ ಹಳದಿ ಗಟ್ಟಿಗಳಿದ್ದ ಫೆರಿಕ್ ಕ್ಲೋರೈಡ್ ಬಾಟಲಿಯಲ್ಲಿ ಕಂದು ದ್ರವ ತುಂಬಿದೆ. ಕೆಟ್ಟಿದೆಯಾ? ಚೆಲ್ಲಲೇ? ಸ್ಟೀಲ್ ಚಮಚದಲ್ಲಿ ತೆಗೆಯಲು ಹೋದೆ, ಚಮಚ ಕಪ್ಪಾಯಿತು.

ಉತ್ತರ: ಚೆಲ್ಲಬೇಡಿ ಸರ್. ಹಳದಿ ಗಟ್ಟಿ ಎಂದರೆ ನಿಮ್ಮದು ಹೆಕ್ಸಾಹೈಡ್ರೇಟ್, ಅಂದರೆ ಹರಳಿನೊಳಗೇ ನೀರು ಸೇರಿರುವ ರೂಪ. ಅದು ಕರಗುವುದೇ ಸುಮಾರು 37 ಡಿಗ್ರಿಗೆ. ನಿಮ್ಮೂರಿನ ಬಿಸಿಲಿಗೆ ಮುಚ್ಚಿದ ಕೋಣೆ ಅಷ್ಟು ಕಾಯುವುದು ಸಹಜ. ಮುಚ್ಚಳ ಸಡಿಲವಿದ್ದರೆ ಗಾಳಿಯ ತೇವವನ್ನೂ ಹೀರಿಕೊಂಡಿರುತ್ತದೆ. ಹಾಗಾಗಿ ತೂಕ ನಂಬಿ ನಿಖರ ದ್ರಾವಣ ಮಾಡಲಾಗದು, ಆದರೆ ಫೀನಾಲ್ ಎಂಬ ಸಾವಯವ ವಸ್ತುವನ್ನು ನೇರಳೆ ಬಣ್ಣದಿಂದ ಗುರುತಿಸುವ ಪರೀಕ್ಷೆಗೆ ಧಾರಾಳವಾಗಿ ಸಾಕು.

ಒಂದು ಕಿವಿಮಾತು. ದ್ರಾವಣ ಕದಡಿದರೆ ಎರಡು ಹನಿ ಹೈಡ್ರೋಕ್ಲೋರಿಕ್ ಆಮ್ಲ ಹಾಕುವ ರೂಢಿಯಿದೆ. ಫೀನಾಲ್‌ಗೆ ಇಡುವ ಬಾಟಲಿಗೆ ಅದು ಬೇಡ, ಆಮ್ಲ ಹೆಚ್ಚಾದರೆ ನೇರಳೆ ಬಣ್ಣವೇ ಏಳದೆ ಮಕ್ಕಳು ‘ಫೀನಾಲ್ ಇಲ್ಲ’ ಎಂದು ಬರೆದುಬಿಡುತ್ತಾರೆ. ಅದಕ್ಕೆ ತಟಸ್ಥ ದ್ರಾವಣವೇ ಬೇಕು: ತೆಳು ಅಮೋನಿಯಾ ಹನಿಹನಿಯಾಗಿ ಹಾಕಿ, ಅಲುಗಾಡಿಸಿದರೂ ಕರಗದ ಚೂರು ಕಂದು ಗಸಿ ಕಂಡ ಕೂಡಲೇ ನಿಲ್ಲಿಸಿ, ಸೋಸಿ.

ಲೋಹದ ಚಮಚ ಇನ್ನು ಮುಟ್ಟಿಸಬೇಡಿ, ಪ್ಲಾಸ್ಟಿಕ್ ಅಥವಾ ಗಾಜು ಬಳಸಿ. ಬಾಟಲಿಯನ್ನು ಕಬ್ಬಿಣದ ಬೀರುವಿನಲ್ಲೂ ಇಡಬೇಡಿ, ಬೀರು ತುಕ್ಕು ಹಿಡಿಯುತ್ತದೆ. ತಂಪಾದ ಕೆಳಗಿನ ಹಲಗೆಯಲ್ಲಿ, ಪ್ಲಾಸ್ಟಿಕ್ ಟ್ರೇ ಮೇಲಿಡಿ. ಕೈಗವಸು, ಕನ್ನಡಕ ಕಡ್ಡಾಯ. ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ನಲ್ಲಿ ನೀರಲ್ಲಿ ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಬ್ಬ ಸದಸ್ಯರು: ನಾನು ಐಟಿಐ ಎಲೆಕ್ಟ್ರಾನಿಕ್ಸ್‌ನವ. ಪಿಸಿಬಿಯ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡಿನ) ತಾಮ್ರ ಕೊರೆಯಲು ಇದನ್ನೇ ಬಳಸುತ್ತೇವೆ. ಹಸಿರಾದ ಹಳೇ ದ್ರವವನ್ನು ಸಿಂಕಿಗೆ ಸುರಿಯಬಹುದಾ ಮೇಡಂ?

ಉತ್ತರ: ದಯವಿಟ್ಟು ಬೇಡ. ಬೋರ್ಡಿನಿಂದ ಎದ್ದ ತಾಮ್ರವೆಲ್ಲ ಈಗ ಆ ದ್ರವದಲ್ಲೇ ಕರಗಿದೆ, ಕೆರೆ ಸೇರಿದರೆ ಮೀನಿಗೆ ವಿಷ. ಪೈಪಿನ ಲೋಹವನ್ನೂ ತಿನ್ನುತ್ತದೆ. ಅಗಲವಾದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ಸ್ವಲ್ಪಸ್ವಲ್ಪವೇ ಹಾಕಿ. ನೊರೆ ಉಕ್ಕುತ್ತದೆ, ಅವಸರ ಬೇಡ. ನೊರೆ ನಿಂತ ಮೇಲೆ ಕಬ್ಬಿಣ, ತಾಮ್ರ ಎರಡೂ ಗಸಿಯಾಗಿ ತಳ ಸೇರುತ್ತವೆ. ಆ ಗಸಿಯನ್ನು ಡಬ್ಬಿಗೆ ತುಂಬಿ, ಚೀಟಿ ಅಂಟಿಸಿ, ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೇ ಕೊಡಿ.

ಮೊದಲ ಸದಸ್ಯರು: ಧನ್ಯವಾದ ಮೇಡಂ. ನೆಲದ ಮೇಲೆ ಬಿದ್ದ ಕಲೆ?

ಉತ್ತರ: ಆಕ್ಸಾಲಿಕ್ ಆಮ್ಲದ ತೆಳು ದ್ರಾವಣದಲ್ಲಿ ಒರೆಸಿ, ಆಮೇಲೆ ಚೆನ್ನಾಗಿ ನೀರು ಹಾಕಿ. ಅದೂ ವಿಷವೇ, ಕೈಗವಸು ಬಿಚ್ಚಬೇಡಿ.