ಲಿಕ್ವಿಡೇಷನ್‌ನಲ್ಲಿ ಹಳೆಯ ವ್ಯಾಟ್ ಬಾಕಿ ಬ್ಯಾಂಕಿನ ಸಮಕ್ಕೆ ನಿಲ್ಲುತ್ತದಾ? ಎನ್‌ಸಿಎಲ್‌ಟಿ (ಕಂಪನಿ ಕಾನೂನು ನ್ಯಾಯಮಂಡಳಿ) ದಾಖಲೆ ಕೋರ್ಟುಗಳ ಜಾಲತಾಣ ಇ-ಕೋರ್ಟ್ಸ್‌ನಲ್ಲಿ ಯಾಕೆ ಸಿಗಲ್ಲ?

ಪ್ರಶ್ನೆ: ಸರಕುಪಟ್ಟಿ

ಒಂದು ಕಾರ್ಖಾನೆ ಕಂಪನಿ ಲಿಕ್ವಿಡೇಷನ್‌ಗೆ (ಕಂಪನಿ ಮುಚ್ಚಿ, ಆಸ್ತಿ ಮಾರಿ ಸಾಲ ತೀರಿಸುವ ಪ್ರಕ್ರಿಯೆಗೆ) ಹೋಗಿದೆ ಅಂತಿಟ್ಟುಕೊಳ್ಳಿ. ಜಮೀನು, ಯಂತ್ರ ಎರಡೂ ಬ್ಯಾಂಕಿಗೆ ಅಡಮಾನ. ಜಿಎಸ್‌ಟಿ ಬರುವುದಕ್ಕೆ ಮುಂಚಿನ ವ್ಯಾಟ್ ಬಾಕಿಗೆ ರಾಜ್ಯದ ತೆರಿಗೆ ಇಲಾಖೆ ‘ನಮ್ಮದೇ ಮೊದಲ ಚಾರ್ಜ್’ (ಆಸ್ತಿಯ ಮೇಲಿನ ಮೊದಲ ಹಕ್ಕು) ಎಂದು ಕ್ಲೇಮ್ ಹಾಕಿದೆ. ಪಹಣಿಯ 11ನೇ ಕಾಲಂನಲ್ಲೂ ಆ ಋಣ ನಮೂದಾಗಿದೆ.

1. ಐಬಿಸಿ (ದಿವಾಳಿ ಸಂಹಿತೆ) ಕಲಂ 53 ಹೇಳುವ ಹಣ ಹಂಚಿಕೆಯ ಸಾಲಿನಲ್ಲಿ ಇಲಾಖೆಯ ಜಾಗ ಯಾವುದು? ರೇನ್‌ಬೋ ಪೇಪರ್ಸ್ ತೀರ್ಪು ಇನ್ನೂ ನಡೆಯುತ್ತದಾ?
2. ಇ-ಕೋರ್ಟ್ಸ್‌ಗೆ ಸರ್ಕಾರ ಸಾವಿರಾರು ಕೋಟಿ ಕೊಟ್ಟಿದೆ. ಆದರೂ ಕಂಪನಿಯ ಹೆಸರು ಹಾಕಿ ಹುಡುಕಿದರೆ ದಿವಾಳಿ ಆದೇಶಗಳು ಬರುವುದಿಲ್ಲ. ಯಾರು ಎಷ್ಟು ಕ್ಲೇಮ್ ಹಾಕಿದ್ದಾರೆ ಅಂತ ಎಲ್ಲಿ ನೋಡಬೇಕು?
3. ಭದ್ರತೆ ಇಲ್ಲದ ಸರಬರಾಜುದಾರನಿಗೆ ಇದರಲ್ಲಿ ಏನಾದರೂ ದಕ್ಕುತ್ತದಾ?

ಉತ್ತರ: ಕಡತದಹುಳು

ಮೊದಲನೆಯದಕ್ಕೆ ಹೇಳ್ತೀನಿ. ಕಲಂ 53(1)ರ ಸಾಲು ಹೀಗಿದೆ. ಪ್ರಕ್ರಿಯೆಯ ವೆಚ್ಚ ಪೂರ್ತಿ ತೀರಿದ ಮೇಲೆ (ಬಿ) ಹಂತ: ಕಾರ್ಮಿಕರ 24 ತಿಂಗಳ ಬಾಕಿ, ಮತ್ತು ಭದ್ರತೆಯನ್ನು (ಅಡಮಾನದ ಆಸ್ತಿಯನ್ನು) ಲಿಕ್ವಿಡೇಟರ್ (ಆಸ್ತಿ ಮಾರಿ ಹಣ ಹಂಚುವವರು) ಕೈಗೆ ಬಿಟ್ಟುಕೊಟ್ಟ ಸೆಕ್ಯೂರ್ಡ್, ಅಂದರೆ ಭದ್ರತೆ ಇರುವ, ಸಾಲದಾತರು, ಇಬ್ಬರೂ ಸರಿಸಮ. ಆಮೇಲೆ ಇತರ ನೌಕರರ 12 ತಿಂಗಳ ಬಾಕಿ. ಆಮೇಲೆ ಭದ್ರತೆ ಇಲ್ಲದ ಹಣಕಾಸು ಸಾಲ. ಅದಾದ ಮೇಲೆ (ಇ) ಹಂತದಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರದ ಬಾಕಿ, ಅದೂ ಲಿಕ್ವಿಡೇಷನ್ ಶುರುವಾದ ದಿನಕ್ಕೆ ಹಿಂದಿನ ಎರಡು ವರ್ಷದ್ದು ಮಾತ್ರ. ಅದಕ್ಕಿಂತ ಹಳೆಯದು, ಸರಬರಾಜುದಾರರ ಬಿಲ್ಲು ಎಲ್ಲ (ಎಫ್) ಹಂತಕ್ಕೆ. ಪ್ರಾವಿಡೆಂಟ್ ಫಂಡ್, ಗ್ರಾಚ್ಯುಟಿ ನಿಧಿಯ ಹಣ ಈ ಸಾಲಿಗೇ ಬರುವುದಿಲ್ಲ. ಕಲಂ 36(4) ಅದನ್ನು ಆಸ್ತಿಯಿಂದಲೇ ಹೊರಗಿಟ್ಟಿದೆ.

ಸರ್ಕಾರವನ್ನು ಹಿಂದೆ ನಿಲ್ಲಿಸಿದ್ದು ಕೈತಪ್ಪಿನಿಂದಲ್ಲ. ಸರ್ಕಾರಿ ಬಾಕಿಯ ಆದ್ಯತಾ ಕ್ರಮ ಬದಲಿಸುವುದೂ ಉದ್ದೇಶ ಎಂದು ಸಂಹಿತೆಯ ಪೀಠಿಕೆಯಲ್ಲೇ ಬರೆದಿದೆ.

ಗೋಜಲು ಶುರುವಾದದ್ದು 2022ರ ಸೆಪ್ಟೆಂಬರ್ 6ರ ರೇನ್‌ಬೋ ಪೇಪರ್ಸ್ ತೀರ್ಪಿನಿಂದ. ಗುಜರಾತ್ ವ್ಯಾಟ್ ಕಾಯ್ದೆಯ ಕಲಂ 48 ‘ಮೊದಲ ಚಾರ್ಜ್’ ಅನ್ನುತ್ತದೆ, ಹಾಗಾಗಿ ರಾಜ್ಯವೂ ಸೆಕ್ಯೂರ್ಡ್ ಸಾಲದಾತ ಎಂದಿತು ಸುಪ್ರೀಂ ಕೋರ್ಟ್. 2023ರ ಜುಲೈನಲ್ಲಿ ಪಶ್ಚಿಮಾಂಚಲ ವಿದ್ಯುತ್ ನಿಗಮ ಮತ್ತು ರಾಮನ್ ಇಸ್ಪಾತ್ ಪ್ರಕರಣದಲ್ಲಿ ಇನ್ನೊಂದು ಪೀಠ, ರೇನ್‌ಬೋ ತೀರ್ಪು ಕಲಂ 53ರ ಸಾಲನ್ನು ಗಮನಕ್ಕೆ ತೆಗೆದುಕೊಂಡಿಲ್ಲ, ಅದನ್ನು ಅದರದೇ ಸಂಗತಿಗಳಿಗೆ ಸೀಮಿತ ಎಂದು ನೋಡಬೇಕು ಎಂದಿತು. ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠಗಳೇ. ಅದೇ ವರ್ಷ ಅಕ್ಟೋಬರ್ 31ಕ್ಕೆ ರೇನ್‌ಬೋ ಮರುಪರಿಶೀಲನಾ ಅರ್ಜಿಯೂ ವಜಾ ಆಯಿತು. ಇಲಾಖೆಗಳು ಆ ತೀರ್ಪಿನ ಪ್ರತಿ ಲಗತ್ತಿಸಿ ಕ್ಲೇಮ್ ಹಾಕುವುದು ಇದೇ ಬಲದ ಮೇಲೆ.

ಲೆಕ್ಕದಲ್ಲಿ ನೋಡಿ (ಅಂಕಿಗಳು ಉದಾಹರಣೆಗೆ ಮಾತ್ರ). ಮಾರಾಟದಿಂದ 10 ಕೋಟಿ, ವೆಚ್ಚ 80 ಲಕ್ಷ, ಉಳಿದದ್ದು 9.2 ಕೋಟಿ. ಬ್ಯಾಂಕಿಗೆ 14 ಕೋಟಿ, ಕಾರ್ಮಿಕರಿಗೆ 1.2 ಕೋಟಿ, ವ್ಯಾಟ್ 3 ಕೋಟಿ ಬಾಕಿ. ವ್ಯಾಟ್ ಕೆಳಗಿನ ಹಂತದಲ್ಲಿದ್ದರೆ (ಬಿ) ಹಂತಕ್ಕೆ ರೂಪಾಯಿಗೆ ಸುಮಾರು 60.5 ಪೈಸೆ: ಬ್ಯಾಂಕಿಗೆ 8.47 ಕೋಟಿ, ಕಾರ್ಮಿಕರಿಗೆ 72.6 ಲಕ್ಷ. ವ್ಯಾಟ್ (ಬಿ) ಹಂತಕ್ಕೆ ಏರಿದರೆ ರೂಪಾಯಿಗೆ 50.5 ಪೈಸೆ: ಬ್ಯಾಂಕಿಗೆ 7.08 ಕೋಟಿ, ವ್ಯಾಟ್‌ಗೆ 1.52 ಕೋಟಿ, ಕಾರ್ಮಿಕರಿಗೆ 60.7 ಲಕ್ಷ. ‘ಬ್ಯಾಂಕ್ ವರ್ಸಸ್ ಸರ್ಕಾರ’ ಎಂದು ಎಲ್ಲರೂ ಬರೆಯುತ್ತಾರೆ. ಕಾರ್ಮಿಕರ ಪಾಲಿನಿಂದ ಹೋದ ಸುಮಾರು 12 ಲಕ್ಷವನ್ನು ಕೇಳುವವರಿಲ್ಲ.

ಜಿಎಸ್‌ಟಿ ಬಾಕಿಗೆ ಈ ಜಗಳ ಇಲ್ಲ. ಜಿಎಸ್‌ಟಿ ಕಾಯ್ದೆಯ ಕಲಂ 82 ಮೊದಲ ಚಾರ್ಜ್ ಕೊಟ್ಟರೂ ‘ದಿವಾಳಿ ಸಂಹಿತೆಯಲ್ಲಿ ಹೇಳಿದ್ದನ್ನು ಬಿಟ್ಟು’ ಎಂಬ ಷರತ್ತಿನೊಂದಿಗೇ ಕೊಟ್ಟಿದೆ. ಹಾಗಾಗಿ ಕ್ಲೇಮ್‌ನಲ್ಲಿ 2017ರ ಜುಲೈ 1ರ ಹಿಂದಿನದೆಷ್ಟು, ಮುಂದಿನದೆಷ್ಟು ಎಂದು ಮೊದಲು ಬೇರೆ ಮಾಡಿ. ಆಮೇಲೆ ಆ ರಾಜ್ಯದ ವ್ಯಾಟ್ ಕಾಯ್ದೆಯಲ್ಲಿ ‘ಮೊದಲ ಚಾರ್ಜ್’ ಎಂಬ ಮಾತು ನಿಜವಾಗಿ ಇದೆಯೇ ನೋಡಿ. ಬರೀ ‘ಭೂಕಂದಾಯ ಬಾಕಿಯಂತೆ ವಸೂಲಿ’ ಎಂದಿದ್ದರೆ ಅದು ವಸೂಲಿಯ ವಿಧಾನ ಅಷ್ಟೇ, ಭದ್ರತೆ ಅಲ್ಲ. ಪಹಣಿಯ 11ನೇ ಕಾಲಂ ಕೂಡ ಹಾಗೇ: ನಮೂದು ಹಕ್ಕನ್ನು ಹುಟ್ಟಿಸುವುದಿಲ್ಲ. ಆದರೆ ಹರಾಜಿನಲ್ಲಿ ಜಮೀನು ಕೊಂಡವರಿಗೆ ಅದನ್ನು ತೆಗೆಸುವುದೇ ಒಂದು ದೊಡ್ಡ ಓಡಾಟ.

ಉತ್ತರ: ಚಾರ್ಜ್‌ಶೀಟ್_ಅಲ್ಲ_ಚಾರ್ಜ್

ಎರಡನೆಯದು. ಇ-ಕೋರ್ಟ್ಸ್ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2023ರ ಸೆಪ್ಟೆಂಬರ್‌ನಲ್ಲಿ ಒಪ್ಪಿದ್ದು ನಾಲ್ಕು ವರ್ಷಕ್ಕೆ 7,210 ಕೋಟಿ. ಅದರಲ್ಲಿ ಕಡತಗಳ ಸ್ಕ್ಯಾನಿಂಗ್, ಡಿಜಿಟಲೀಕರಣಕ್ಕೇ 2,038.40 ಕೋಟಿ. ಆದರೆ ಆ ಯೋಜನೆ ನಡೆಯುವುದು ನ್ಯಾಯಾಂಗ ಇಲಾಖೆ ಮತ್ತು ಸುಪ್ರೀಂ ಕೋರ್ಟಿನ ಇ-ಸಮಿತಿ ಕೈಯಲ್ಲಿ. ಎನ್‌ಸಿಎಲ್‌ಟಿ ಇರುವುದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಅಡಿಯಲ್ಲಿ. ಅದರ ಪೋರ್ಟಲ್ಲೂ ಬೇರೆ, ಪ್ರಕರಣ ಸಂಖ್ಯೆಯ ಪದ್ಧತಿಯೂ ಬೇರೆ. ಇ-ಕೋರ್ಟ್ಸ್‌ನ 16 ಅಕ್ಷರ-ಅಂಕಿಯ ಪ್ರಕರಣ ಸಂಖ್ಯೆ ಸಿಎನ್‌ಆರ್ ಹಿಡಿದು ಅಲ್ಲಿಗೆ ಹೋದರೆ ಪ್ರಯೋಜನವಿಲ್ಲ. ದಿವಾಳಿ ವ್ಯವಸ್ಥೆಗೆ ಏಕೀಕೃತ ತಂತ್ರಜ್ಞಾನ ವೇದಿಕೆ ಕಟ್ಟುತ್ತೇವೆ ಎಂದು 2024ರ ಜುಲೈ ಬಜೆಟ್‌ನಲ್ಲಿ ಘೋಷಿಸಿದರು. ದುಡ್ಡು ಒಂದೇ ಬೊಕ್ಕಸದ್ದಾದರೂ ಕೊಳವೆ ಎರಡು, ಅದೇ ತೊಂದರೆ.

ಹುಡುಕುವ ಕ್ರಮ:

ಮೊದಲು ಎಂಸಿಎ (ಅದೇ ಕಾರ್ಪೊರೇಟ್ ಸಚಿವಾಲಯದ) ಪೋರ್ಟಲ್‌ನಲ್ಲಿ ಕಂಪನಿಯ 21 ಅಕ್ಷರದ ಗುರುತಿನ ಸಂಖ್ಯೆ ಸಿಐಎನ್ ತೆಗೆದುಕೊಳ್ಳಿ. ಹೆಸರು ಬದಲಾಗಿರುವ ಕಂಪನಿಗಳಲ್ಲಿ ಹೆಸರಿನ ಹುಡುಕಾಟ ಅರ್ಧಂಬರ್ಧ ಫಲಿತಾಂಶ ಕೊಡುತ್ತದೆ. ಅಲ್ಲೇ ಚಾರ್ಜ್‌ಗಳ ಸೂಚಿ ನೋಡಿ. ನೋಂದಣಿಯಾಗದ ಚಾರ್ಜನ್ನು ಲಿಕ್ವಿಡೇಟರ್ ಪರಿಗಣಿಸುವಂತಿಲ್ಲ, ಕಂಪನಿ ಕಾಯ್ದೆ ಕಲಂ 77(3). ಚಾರ್ಜ್ ನೋಂದಣಿಯ ನಮೂನೆ ಸಿಎಚ್‌ಜಿ-1 ಸಲ್ಲಿಸಲು 30 ದಿನ, ಹೆಚ್ಚುವರಿ ಶುಲ್ಕ ಕಟ್ಟಿದರೆ ಇನ್ನೂ ಸ್ವಲ್ಪ ಸಮಯ. ಬ್ಯಾಂಕೇತರ ಸಾಲದಾತರು ಮುಗ್ಗರಿಸುವುದು ಇಲ್ಲೇ. ಜೊತೆಗೆ ಅಡಮಾನಗಳ ಕೇಂದ್ರೀಯ ನೋಂದಣಿ ಸೆರ್ಸಾಯ್‌ನಲ್ಲೂ ಒಮ್ಮೆ ಹುಡುಕಿ.

ಆಮೇಲೆ ದಿವಾಳಿ ಮಂಡಳಿ ಐಬಿಬಿಐನ ಜಾಲತಾಣ. ಸಾರ್ವಜನಿಕ ಪ್ರಕಟಣೆ, ಆದೇಶ, ಕ್ಲೇಮ್‌ಗಳ ಪಟ್ಟಿ ಅಲ್ಲಿ ಸಿಗುತ್ತವೆ. ಪಟ್ಟಿಯಲ್ಲಿ ‘ಕ್ಲೇಮ್ ಮಾಡಿದ್ದು’ ಮತ್ತು ‘ಒಪ್ಪಿದ್ದು’ ಎರಡು ಬೇರೆ ಕಾಲಂ. ಎರಡರ ನಡುವೆ ದೊಡ್ಡ ಅಂತರ ಕಂಡರೆ ಅಲ್ಲೊಂದು ಜಗಳ ಇದೆ ಎಂದೇ ಅರ್ಥ.

ಕೊನೆಗೆ ಎನ್‌ಸಿಎಲ್‌ಟಿ ಪೋರ್ಟಲ್. ಬೆಂಗಳೂರು ಪೀಠದ ಮುಖ್ಯ ಅರ್ಜಿ ‘ಸಿಪಿ (ಐಬಿ) ಸಂಖ್ಯೆ/ಬಿಬಿ/ವರ್ಷ’ ಎಂಬ ರೂಪದಲ್ಲಿರುತ್ತದೆ. ಅಷ್ಟನ್ನೇ ನೋಡಿ ನಿಲ್ಲಿಸಬೇಡಿ. ಆದ್ಯತೆಯ ವಾದವೆಲ್ಲ ಮಧ್ಯಂತರ ಅರ್ಜಿಗಳಲ್ಲಿ (ಐಎ) ನಡೆಯುತ್ತದೆ, ಆ ಐಎ ಸಂಖ್ಯೆ ಹಿಡಿದರೇ ಆದೇಶ ಸಿಗುವುದು.

ಸರಕುಪಟ್ಟಿ

ಬ್ಯಾಂಕ್ ತನ್ನ ಭದ್ರತೆ ಬಿಟ್ಟುಕೊಡದೆ ತಾನೇ ಮಾರಿಕೊಂಡರೆ?

ಕಡತದಹುಳು

ಕಲಂ 52ರಲ್ಲಿ ಮಾರಬಹುದು. ಆದರೆ ಲಿಕ್ವಿಡೇಷನ್ ಶುರುವಾಗಿ 30 ದಿನದೊಳಗೆ ತಿಳಿಸದಿದ್ದರೆ ಭದ್ರತೆ ಬಿಟ್ಟುಕೊಟ್ಟಂತೆಯೇ, ಐಬಿಬಿಐ ಲಿಕ್ವಿಡೇಷನ್ ನಿಯಮಾವಳಿಯ ನಿಯಮ 21ಎ. ಮಾರಿದ ಮೇಲೂ ಸಾಲ ಪೂರ್ತಿ ತೀರದಿದ್ದರೆ ಉಳಿದ ಕೊರತೆಗೆ (ಇ) ಹಂತ, ಅಂದರೆ ಸರ್ಕಾರದ ಪಕ್ಕದ ಕುರ್ಚಿ.

ಉತ್ತರ: ತಗಾದೆ

ಮೇಲಿನವರ ಕಾನೂನು ಸರಿ, ಧಾಟಿಗೆ ನನ್ನ ತಕರಾರಿದೆ. ಬ್ಯಾಂಕ್ ಬಡ್ಡಿ ದರ ಏರಿಸಿಯೋ ಅಡಮಾನ ಕೇಳಿಯೋ ಅಪಾಯಕ್ಕೆ ಮೊದಲೇ ಬೆಲೆ ಕಟ್ಟಿಕೊಂಡಿರುತ್ತದೆ. ತೆರಿಗೆ ಇಲಾಖೆ ತನ್ನ ‘ಗ್ರಾಹಕ’ನನ್ನು ಆರಿಸಿಕೊಳ್ಳುವುದಿಲ್ಲ. ವ್ಯಾಟ್ ಅಂತೂ ಗಿರಾಕಿಯಿಂದ ವಸೂಲಿ ಮಾಡಿ ಕಂಪನಿ ಜೇಬಿನಲ್ಲಿಟ್ಟುಕೊಂಡ ಹಣ. ಬ್ರಿಟನ್ 2003ರಲ್ಲಿ ಸರ್ಕಾರದ ಆದ್ಯತೆ ತೆಗೆದುಹಾಕಿ, 2020ರ ಡಿಸೆಂಬರ್ 1ರಿಂದ ವ್ಯಾಟ್, ನೌಕರರ ಸಂಬಳದಿಂದ ಹಿಡಿದ ತೆರಿಗೆಯಂಥ ಬಾಕಿಗಳಿಗೆ ಮರಳಿ ಕೊಟ್ಟದ್ದು ಇದೇ ವಾದದ ಮೇಲೆ. ಭಾರತ ಹೋಗುತ್ತಿರುವುದು ಎದುರು ದಿಕ್ಕಿಗೆ. 2025ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಐಬಿಸಿ ತಿದ್ದುಪಡಿ ಮಸೂದೆ, ಪಕ್ಷಗಳ ನಡುವಿನ ಒಪ್ಪಂದದಿಂದ ಹುಟ್ಟಿದ್ದಷ್ಟೇ ಭದ್ರತಾ ಹಿತಾಸಕ್ತಿ, ಬರೀ ಕಾನೂನಿನ ಬಲದಿಂದ ಹುಟ್ಟಿದ್ದು ಅಲ್ಲ ಎಂದು ಸ್ಪಷ್ಟಪಡಿಸುತ್ತದೆ. ರೇನ್‌ಬೋಗೆ ನೇರ ಉತ್ತರ ಅದು. ವಾದ ಬರೆಯುವ ದಿನ, ಭದ್ರತಾ ಹಿತಾಸಕ್ತಿಯ ವ್ಯಾಖ್ಯೆ ಇರುವ ಕಲಂ 3(31)ರ ಚಾಲ್ತಿ ಪಠ್ಯ ತೆರೆದು ಓದಿ, ಹಳೆಯ ಪುಸ್ತಕ ನಂಬಬೇಡಿ.

ಇನ್ನು ಮೂರನೇ ಪ್ರಶ್ನೆ. ಮೇಲಿನ ಲೆಕ್ಕದಲ್ಲಿ ವ್ಯಾಟ್ ಎಲ್ಲಿ ನಿಂತರೂ ಸರಬರಾಜುದಾರನಿಗೆ ಸೊನ್ನೆ. ಹಾಗಾಗಿ ಸಾಲಿನಲ್ಲಿ ಜಾಗಕ್ಕೆ ಹೊಡೆದಾಡುವ ಮೊದಲು, ನಿಮ್ಮ ಸಾಮಾನು ಆ ಆಸ್ತಿಯೊಳಗೆ ಸೇರಿದ್ದೇ ಹೌದಾ ನೋಡಿ. ಜಾಬ್ ವರ್ಕ್‌ಗೆ ಕಳಿಸಿದ ಕಚ್ಚಾ ಮಾಲು, ಬಳಕೆಗೆ ಕೊಟ್ಟ ಅಚ್ಚು, ಡೈಗಳೆಲ್ಲ ಬೇರೆಯವರ ಸ್ವತ್ತು, ಕಂಪನಿಯ ವಶದಲ್ಲಿವೆ ಅಷ್ಟೇ. ಕಲಂ 36(4)ರ ಪ್ರಕಾರ ಅವು ಲಿಕ್ವಿಡೇಷನ್ ಆಸ್ತಿಯಲ್ಲ. ಇದಕ್ಕೆ ಹಣದ ಕ್ಲೇಮ್ ಬೇಡ, ಸಾಮಾನು ವಾಪಸ್ ಕೇಳಿ ಲಿಕ್ವಿಡೇಟರ್‌ಗೆ ಪತ್ರ ಬರೆಯಿರಿ. ಡೆಲಿವರಿ ಚಲನ್, ಇ-ವೇ ಬಿಲ್, ಡೈ ಮೇಲಿನ ಗುರುತಿನ ಸಂಖ್ಯೆ ಜೊತೆಗಿರಲಿ. ಚಲನ್‌ನಲ್ಲಿ ‘ಜಾಬ್ ವರ್ಕ್‌ಗಾಗಿ, ಮಾರಾಟಕ್ಕಲ್ಲ’ ಎಂದಿಲ್ಲದಿದ್ದರೆ ಅದನ್ನು ಮಾರಾಟವೆಂದೇ ಓದಿ ನಿಮ್ಮನ್ನು (ಎಫ್) ಹಂತಕ್ಕೆ ತಳ್ಳುತ್ತಾರೆ. ಕ್ಲೇಮ್ ತಿರಸ್ಕರಿಸಿದರೆ ಕಲಂ 42ರಡಿ ಎನ್‌ಸಿಎಲ್‌ಟಿಗೆ ಹೋಗಲು 14 ದಿನ ಮಾತ್ರ. ಯಂತ್ರಗಳ ಹರಾಜು ಪ್ರಕಟಣೆ ಬರುವುದರೊಳಗೆ ಪತ್ರ ತಲುಪಿರಲಿ. ಡೈಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದ ಮೇಲೆ ಗುರುತು ಹಚ್ಚುವುದು ಆಗದ ಮಾತು.